ಎಲ್ಲರೂ ಇಂಗ್ಲಿಷ್ ಬಲ್ಲ ನಾಡಿನಲ್ಲಿ ನಾರ್ವೇಜಿಯನ್ ಕಲಿಕೆ

ಉನ್ನತ ವ್ಯಾಸಂಗಕ್ಕಾಗಿ ಪರದೇಶಕ್ಕೆ ತೆರಳುವ ಹೊರನಾಡ ಕನ್ನಡಿಗರ ಮಕ್ಕಳ ಪಟ್ಟಿಯಲ್ಲಿ ಅಮೆರಿಕ, ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯಗಳದ್ದೇ ಮೇಲುಗೈ. ಆನಂತರದ ಸ್ಥಾನ ಜರ್ಮನಿಯದ್ದು. ಸಂಘದ ವಾರ್ಷಿಕೋತ್ಸವದ ಪ್ರತಿಭಾ ಪುರಸ್ಕಾರದ ವೇಳೆ "ಇವರು ಹೆಚ್ಚಿನ ಓದಿಗಾಗಿ ನಾರ್ವೆಗೆ ಹೋಗುತ್ತಿದ್ದಾರೆ" ಎಂದು ಕಾರ್ಯಕ್ರಮ ನಿರೂಪಕರು ಹೇಳಿದರೆ ಹಿಂದಿನ ಸಾಲಿನವರು ಪಕ್ಕದವರನ್ನು "ಎಲ್ಲಿಗೆ?" ಎಂದು ಕೇಳುವುದುಂಟು. ಯುರೋಪಿನ ಉತ್ತರದ ತುದಿಯ ಆ ದೇಶದ ಒಟ್ಟು ಜನಸಂಖ್ಯೆ ಸುಮಾರು 55 ಲಕ್ಷ. ಮುಂಬಯಿ ಮಹಾನಗರದ ಅರ್ಧಕ್ಕೂ ಕಡಿಮೆ. ಆದರೆ ಹಡಗು, ಸಮುದ್ರದ ತೈಲ, ಜಲವಿದ್ಯುತ್, ಮೀನುಗಾರಿಕೆ ಮುಂತಾದ ವಿಷಯಗಳಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಜಗತ್ತಿನಲ್ಲೇ ಹೆಸರಿದೆ. ಟ್ರೊಂಡ್‌ಹೈಮ್ ನಗರದ ನಾರ್ವೇಜಿಯನ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ, ಅಂದರೆ ಎನ್‌ಟಿಎನ್‌ಯು, 1811ರಲ್ಲಿ ಸ್ಥಾಪನೆಯಾದ ಓಸ್ಲೋ ವಿಶ್ವವಿದ್ಯಾಲಯ, ಬರ್ಗನ್ ಹಾಗೂ ಟ್ರೊಮ್ಸೊ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ತರಗತಿಗಳು ಅನೇಕ ವಿಷಯಗಳಲ್ಲಿ ಇಂಗ್ಲಿಷಿನಲ್ಲೇ ನಡೆಯುತ್ತವೆ.

ಒಂದು ಕಾಲದಲ್ಲಿ ಇನ್ನೊಂದು ಆಕರ್ಷಣೆಯೂ ಇತ್ತು. ಹೊರದೇಶದ ವಿದ್ಯಾರ್ಥಿಗಳಿಗೂ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿರಲಿಲ್ಲ. 2023ರ ಶರತ್ಕಾಲದ ಪ್ರವೇಶದಿಂದ ಅದು ಬದಲಾಯಿತು. ಯುರೋಪಿನ ಆರ್ಥಿಕ ವಲಯ ಹಾಗೂ ಸ್ವಿಟ್ಜರ್ಲೆಂಡ್ ಬಿಟ್ಟು ಉಳಿದ ದೇಶಗಳಿಂದ ಹೊಸದಾಗಿ ಬರುವವರು ಶುಲ್ಕ ತೆರಬೇಕೆಂಬ ಕಾನೂನು ಬಂತು. ಈಗ ಹೋಗುವವರು ಹೆಚ್ಚಿನವರು ಬ್ಯಾಂಕ್ ಸಾಲದ ಲೆಕ್ಕ ಹಾಕಿಯೇ ಹೋಗುತ್ತಾರೆ. ಹಾಕಿದ ಹಣ ಮರಳಿ ಬರಬೇಕಾದರೆ ಓದಿನ ಬಳಿಕ ಅಲ್ಲಿಯೇ ಕೆಲವು ವರ್ಷವಾದರೂ ದುಡಿಯಬೇಕು. ಅಲ್ಲಿ ಎದುರಾಗುವುದೇ ಭಾಷೆಯ ಪ್ರಶ್ನೆ.

ಮೊದಲ ಸೆಮಿಸ್ಟರ್‌ನಲ್ಲಿ ಈ ಪ್ರಶ್ನೆ ಯಾರಿಗೂ ಕಾಣಿಸುವುದಿಲ್ಲ. ಪಾಠ ಇಂಗ್ಲಿಷಿನಲ್ಲಿ, ಬಸ್ ಚಾಲಕನಿಗೆ ಇಂಗ್ಲಿಷ್ ಗೊತ್ತು, ಅಂಗಡಿಯ ಹುಡುಗಿಗೂ ಗೊತ್ತು. "ಕ್ಲಾಸೆಲ್ಲ ಇಂಗ್ಲಿಷಲ್ಲೇ ಅಂತ ಹೇಳಿದ್ದಿಯಲ್ಲ ಮಗಾ, ಮತ್ತೆ ಈ ಹೊಸ ಭಾಷೆ ಎಂತಕ್ಕೆ?" ಎಂದು ಊರಿನಿಂದ ತಂದೆ ಫೋನಿನಲ್ಲಿ ಕೇಳಿದರೆ ಮಗಳಿಗೂ ಉತ್ತರ ಹೊಳೆಯುವುದಿಲ್ಲ. ಉತ್ತರ ಸಿಗುವುದು ಎರಡನೆಯ ಸೆಮಿಸ್ಟರ್‌ನಲ್ಲಿ, ಅರೆಕಾಲಿಕ ಕೆಲಸ ಹುಡುಕಲು ಹೊರಟಾಗ. ಪದವಿ ಓದುವ ವಿದೇಶಿ ವಿದ್ಯಾರ್ಥಿಗಳು ವಾರಕ್ಕೆ 20 ಗಂಟೆ ದುಡಿಯಲು ಅವಕಾಶವಿದೆ. ಕಿರಾಣಿ ಮಳಿಗೆ, ಹೋಟೆಲಿನ ಅಡುಗೆಮನೆ, ವೃದ್ಧಾಶ್ರಮ ಎಲ್ಲ ಕಡೆಯೂ ಮೊದಲ ಪ್ರಶ್ನೆ ಒಂದೇ: ನಾರ್ವೇಜಿಯನ್ ಬರುತ್ತದೆಯೇ? ಓದು ಮುಗಿಸಿದವರಿಗೆ ಕೆಲಸ ಹುಡುಕಲು ಒಂದು ವರ್ಷದವರೆಗಿನ ಪರವಾನಗಿ ಪಡೆಯುವ ಅವಕಾಶವಿದ್ದರೂ ಎಂಜಿನಿಯರಿಂಗ್ ಕಂಪೆನಿಗಳ ಎಷ್ಟೋ ಜಾಹೀರಾತುಗಳೇ ಆ ಭಾಷೆಯಲ್ಲಿರುತ್ತವೆ. ಅಲ್ಲಿಯೇ ನೆಲೆಯೂರಿ ಪೌರತ್ವ ಬಯಸುವವರಿಗಂತೂ 2022ರ ಅಕ್ಟೋಬರ್‌ನಿಂದ ಮಾತಿನ ಪರೀಕ್ಷೆಯ ಮಟ್ಟವನ್ನು ಏರಿಸಲಾಗಿದೆ. ಯುರೋಪಿನ ಭಾಷಾ ಮಾಪನದ ಪ್ರಕಾರ ಎ1, ಎ2 ಆರಂಭಿಕರ ಮೆಟ್ಟಿಲು, ಬಿ1, ಬಿ2 ಸ್ವತಂತ್ರವಾಗಿ ವ್ಯವಹರಿಸಬಲ್ಲವರ ಮೆಟ್ಟಿಲು. ಪೌರತ್ವಕ್ಕೆ ಮೊದಲು ಎ2 ಸಾಕಿತ್ತು, ಈಗ ಬಿ1 ಬೇಕು.

ತರಗತಿಯೊಳಗೆ ಸಲೀಸು

ವಿಶ್ವವಿದ್ಯಾಲಯಗಳು ವಿದೇಶಿ ವಿದ್ಯಾರ್ಥಿಗಳಿಗೆಂದೇ ಹಂತ ಹಂತದ ನಾರ್ವೇಜಿಯನ್ ತರಗತಿಗಳನ್ನು ನಡೆಸುತ್ತವೆ. ಸ್ಥಾನಗಳು ಸೀಮಿತವಾದ್ದರಿಂದ ಬೇಗ ಹೆಸರು ನೋಂದಾಯಿಸಿಕೊಳ್ಳಬೇಕು. ಓಸ್ಲೋ ವಿಶ್ವವಿದ್ಯಾಲಯದ ಅಂತಾರಾಷ್ಟ್ರೀಯ ಬೇಸಗೆ ಶಾಲೆ 1947ರಷ್ಟು ಹಳೆಯದು. ಎಲಿಜಬೆತ್ ಎಲ್ಲಿಂಗ್‌ಸನ್ ಮತ್ತು ಶಿಷ್ಟಿ ಮ್ಯಾಕ್ ಡೊನಾಲ್ಡ್ ಬರೆದ 'ಪೋ ವೈ' (ದಾರಿಯಲ್ಲಿ) ಎಂಬ ಪಠ್ಯಪುಸ್ತಕ ಆರಂಭಿಕರ ಚೀಲದಲ್ಲಿ ಸಾಮಾನ್ಯವಾಗಿ ಕಾಣುವಂಥದ್ದು. ದಿನವಿಡೀ ಪ್ರಯೋಗಾಲಯದಲ್ಲಿದ್ದು ಬಳಿಕ ಭಾಷಾ ತರಗತಿಗೆ ಓಡುವ ಈ ವಿದ್ಯಾರ್ಥಿಗಳ ದಿನಚರಿಯನ್ನು, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಮುಂಬಯಿ ಕನ್ನಡಿಗರ ಹಿರಿಯ ತಲೆಮಾರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪುಸ್ತಕದ ಮಟ್ಟಿಗೆ ಈ ಭಾಷೆ ಹೆದರಿಸುವಂಥದ್ದಲ್ಲ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳ ತರಬೇತಿಗಾಗಿ ಮಾಡಿಕೊಂಡ ವರ್ಗೀಕರಣದಲ್ಲಿ ಇಂಗ್ಲಿಷ್ ಬಲ್ಲವರಿಗೆ ಅತಿ ಸುಲಭವಾದ ಭಾಷೆಗಳ ಗುಂಪಿನಲ್ಲೇ ನಾರ್ವೇಜಿಯನ್ ಇದೆ. ಕನ್ನಡದಲ್ಲಿ ನಾನು ಬರುತ್ತೇನೆ, ನೀನು ಬರುತ್ತೀಯೆ, ಅವಳು ಬರುತ್ತಾಳೆ, ಅವರು ಬರುತ್ತಾರೆ ಎಂದು ಕ್ರಿಯಾಪದ ಪ್ರತಿಯೊಬ್ಬರಿಗೂ ಬೇರೆ ವೇಷ ತೊಡುತ್ತದೆ. ನಾರ್ವೇಜಿಯನ್‌ನಲ್ಲಿ ಎಲ್ಲರಿಗೂ 'ಕೊಮ್ಮರ್' ಒಂದೇ. ನಾನು, ನೀನು, ರಾಜ, ಆಳು, ಯಾರು ಬಂದರೂ 'ಕೊಮ್ಮರ್'. ಇನ್ನು ಬಹುವಚನದ ಗೌರವವೂ ಮಾತಿನಿಂದ ಬಹುತೇಕ ಹೊರಟುಹೋಗಿದೆ. 'ದೀ' ಎಂಬ ಗೌರವದ ರೂಪ ಹಿಂದೆ ಇತ್ತು, ಈಗ ಪ್ರಾಧ್ಯಾಪಕರಿಗೂ 'ಡು', ಅಂದರೆ ನೀನು. ಅವರನ್ನು ಕರೆಯುವುದೂ ಬರಿಯ ಹೆಸರು ಹಿಡಿದು. ಕಾಲೇಜಿನಲ್ಲಿ 'ಸರ್, ಮೇಡಂ' ಎಂದು ಎದ್ದು ನಿಂತು ಬೆಳೆದ ನಮ್ಮ ಮಕ್ಕಳಿಗೆ ವ್ಯಾಕರಣಕ್ಕಿಂತ ಇದೇ ಕಷ್ಟ. ಮೊದಲ ಕೆಲವು ವಾರ ಅವರು ಹೆಸರೂ ಹೇಳದೆ, ಸರ್ ಎಂದೂ ಅನ್ನದೆ ಮಾತು ಮುಗಿಸುವ ಉಪಾಯ ಹುಡುಕುತ್ತಾರೆ.

ತೊಡಕು ಬರುವುದು ಲಿಂಗದಲ್ಲಿ. ಕನ್ನಡದಲ್ಲಿ ಲಿಂಗವೆಂದರೆ ಅರ್ಥಕ್ಕೆ ಸಂಬಂಧಿಸಿದ್ದು. ಮೇಜು, ಪುಸ್ತಕ, ಮನೆ ಎಲ್ಲವೂ ನಪುಂಸಕ. ನಾರ್ವೇಜಿಯನ್‌ನಲ್ಲಿ ಕಾರು ಪುಲ್ಲಿಂಗ, ಪುಸ್ತಕ ಸ್ತ್ರೀಲಿಂಗ, ಮನೆ ನಪುಂಸಕ ಲಿಂಗ. 'ಎನ್ ಬೀಲ್, ಐ ಬೂಕ್, ಎತ್ ಹೂಸ್' ಎಂದು ಬಾಯಿಪಾಠ ಮಾಡದೆ ವಿಧಿಯಿಲ್ಲ. ಊರಿನಿಂದ ನೇರ ಹೋದವರಿಗಿಂತ ಇಲ್ಲಿ ಮುಂಬಯಿ, ಪುಣೆಯ ಕನ್ನಡಿಗರಿಗೆ ಸ್ವಲ್ಪ ಅನುಕೂಲ. ಮರಾಠಿಯ 'ತೋ, ತೀ, ತೇ'ಗಳಲ್ಲಿ ಒಮ್ಮೆ ಬಿದ್ದು ಎದ್ದವರು ಮತ್ತೊಮ್ಮೆ ಬೀಳಲು ಹೆದರುವುದಿಲ್ಲ. 'ಆ ನಿರ್ದಿಷ್ಟ ಕಾರು' ಎನ್ನಲು ಇಂಗ್ಲಿಷಿನಲ್ಲಿ ಪದದ ಮುಂದೆ 'ದಿ' ಬೇಕು, ಇಲ್ಲಿ ಪದದ ಬಾಲಕ್ಕೆ ಅಂಟಿಸಿದರಾಯಿತು: ಬೀಲನ್, ಬೂಕಾ, ಹೂಸೆ. ಬಾಲಕ್ಕೆ ಪ್ರತ್ಯಯ ಹಚ್ಚುವುದು ಕನ್ನಡಿಗರಿಗೆ ಹುಟ್ಟಿನಿಂದ ಬಂದ ಅಭ್ಯಾಸ.

ವಾಕ್ಯದ ಕ್ರಮ ಮಾತ್ರ ಉಲ್ಟಾ. ಕನ್ನಡದಲ್ಲಿ ಕ್ರಿಯಾಪದ ಕೊನೆಯ ಬೆಂಚಿನಲ್ಲಿ ಕೂರುತ್ತದೆ. ಅಲ್ಲಿ ಅದಕ್ಕೆ ಎರಡನೆಯ ಕುರ್ಚಿ ಕಾಯಂ. 'ನಾನು ಇಂದು ಮೀನು ತಿನ್ನುತ್ತೇನೆ' ಎನ್ನುವುದನ್ನು 'ಇಂದು' ಎಂದು ಆರಂಭಿಸಿದರೆ 'ಇಂದು ತಿನ್ನುತ್ತೇನೆ ನಾನು ಮೀನು' ಎಂದೇ ಹೇಳಬೇಕು. ಆರಂಭಿಕರ ಉತ್ತರ ಪತ್ರಿಕೆಯಲ್ಲಿ ಕೆಂಪು ಶಾಯಿ ಬೀಳುವುದು ಬಹುತೇಕ ಈ ಎರಡನೆಯ ಕುರ್ಚಿಯ ವಿಷಯದಲ್ಲೇ.

ಕೆಲವು ಪದಗಳು ನಗೆಪಾಟಲಿಗೂ ಈಡು ಮಾಡುತ್ತವೆ. ಊಟ ಬಡಿಸುವವರಿಗೆ 'ಹೊಟ್ಟೆ ತುಂಬಿತು' ಎನ್ನಲು ಹೋಗಿ ಇಂಗ್ಲಿಷಿನ ಧಾಟಿಯಲ್ಲಿ 'ಫುಲ್' ಎಂದರೆ 'ನಾನು ಕುಡಿದು ಅಮಲೇರಿದ್ದೇನೆ' ಎಂದಾಗುತ್ತದೆ. ಸರಿಯಾದ ಪದ 'ಮೆತ್'. 'ಗಿಫ್ಟ್' ಎಂದರೆ ಉಡುಗೊರೆಯಲ್ಲ. 'ವಿಷ' ಎಂದೂ 'ಮದುವೆಯಾದವರು' ಎಂದೂ ಅರ್ಥ. ಇದರ ಬಗ್ಗೆ ಅಲ್ಲಿನವರೇ ಸಾಕಷ್ಟು ತಮಾಷೆ ಮಾಡಿಕೊಳ್ಳುವುದರಿಂದ ಇಲ್ಲಿ ಹೆಚ್ಚು ಹೇಳುವುದು ಬೇಡ.

ನಾಲಿಗೆಗೆ ಒದಗಿ ಬರುವ ಕನ್ನಡ

ಓಸ್ಲೋ, ಟ್ರೊಂಡ್‌ಹೈಮ್ ಮತ್ತು ಉತ್ತರದ ಭಾಗದ ನಾರ್ವೇಜಿಯನ್‌ನಲ್ಲಿ 'ರ' ಕಾರದ ಮುಂದೆ ತ, ದ, ನ, ಲ, ಸ ಬಂದರೆ ಎರಡೂ ಕೂಡಿ ನಾಲಿಗೆ ಹಿಂದಕ್ಕೆ ಮಡಚಿ ಟ, ಡ, ಣ, ಳ, ಷ ಆಗುತ್ತವೆ. ಮಗುವಿಗೆ ಅವರು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು 'ಬಾರ್ನ್', ಹೇಳುವುದು 'ಬಾಣ್'. ಮುಗಿಯಿತು ಎನ್ನಲು 'ಫ್ಯಾಡಿ'. ಕಾರ್ಲ್ ಎಂಬ ಹೆಸರಿನವನು 'ಕಾಳ್'. ಭಾಷೆಯ ಹೆಸರನ್ನೇ 'ನೊರ್ಸ್ಕ್' ಎಂದು ಬರೆದು 'ನೊಷ್ಕ್' ಎನ್ನುತ್ತಾರೆ. ಎರಡು ಪದಗಳ ನಡುವೆಯೂ ಇದೇ ಸಂಧಿ: 'ಆ್ಯರ್ ದು' ಎಂಬುದು ಬಾಯಲ್ಲಿ 'ಆ್ಯ ಡು' ಆಗುತ್ತದೆ. ಅಮೆರಿಕ, ಸ್ಪೇನ್, ಚೀನಾದಿಂದ ಬಂದ ಸಹಪಾಠಿಗಳು ಇದಕ್ಕಾಗಿ ವಾರಗಟ್ಟಲೆ ನಾಲಿಗೆ ತಿರುಚುತ್ತಿರುವಾಗ, ಬಾಳೆಹಣ್ಣು, ಕೋಳಿ, ಕಾಣಿಕೆ ಎಂದು ಹೇಳಿ ಬೆಳೆದವರಿಗೆ ಅದು ಪಾಠವೇ ಅಲ್ಲ. ಉಚ್ಚಾರಣೆಯನ್ನು ಗುರುತು ಹಾಕಿಕೊಳ್ಳಲು ಇಂಗ್ಲಿಷ್ ಅಕ್ಷರಕ್ಕಿಂತ ಕನ್ನಡ ಲಿಪಿಯೇ ಹೆಚ್ಚು ಉಪಯುಕ್ತ. ನೋಟ್ ಪುಸ್ತಕದ ಅಂಚಿನಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಂಡರೆ ಸಾಕು. ಮನೆಯಲ್ಲಿ ಕನ್ನಡ ಓದಲು ಬರೆಯಲು ಕಲಿಸಿದ ತಂದೆತಾಯಿಗೆ ಇಂಥದ್ದೊಂದು ಲಾಭ ಹೀಗೆ ನಾರ್ವೆಯಿಂದ ಬಂದೀತೆಂಬ ಕಲ್ಪನೆ ಇದ್ದಿರಲಿಕ್ಕಿಲ್ಲ!

ಹಾಗೆಂದು ಎಲ್ಲವೂ ಸಲೀಸಲ್ಲ. 'ಉ' ಮತ್ತು 'ಇ' ಗಳ ನಡುವೆ ಅವರಿಗೆ ಎರಡು ಬೇರೆ ಸ್ವರಗಳಿವೆ, ಕನ್ನಡದ ಕಿವಿಗೆ ಎರಡೂ ಒಂದೇ. ಪದಗಳಿಗೆ ಹಾಡಿನಂತೆ ಏರಿಳಿತವಿದೆ. ಕೃಷಿಕರು ಎನ್ನುವುದಕ್ಕೂ ಬೀನ್ಸ್ ಕಾಳಿಗೂ ಹೆಚ್ಚುಕಡಿಮೆ 'ಬೊನ್ನರ್' ಎಂದೇ ಕೇಳುತ್ತದೆ; ಅರ್ಥ ತಿಳಿಯಬೇಕಾದರೆ ರಾಗ ಹಿಡಿಯಬೇಕು. ಅಕ್ಷರಮಾಲೆಯಲ್ಲಿ 29 ಅಕ್ಷರಗಳು, ಕೊನೆಯ ಮೂರು ಇಂಗ್ಲಿಷಿನಲ್ಲಿ ಇಲ್ಲದವು. ಆ ಮೂರರಲ್ಲಿ ಕೊನೆಯದು 'ಓ' ಎಂದು ಉಚ್ಚರಿಸುವ ಅಕ್ಷರ. ಆ ಒಂದೇ ಅಕ್ಷರದ ಹೆಸರಿನ ಹಳ್ಳಿಯೊಂದು ಲೊಫೋಟನ್ ದ್ವೀಪಗಳಲ್ಲಿದೆ.

ನಾರ್ವೆಗೂ ನಮ್ಮ ಭಾಷೆಗಳಿಗೂ ಹಳೆಯ ನಂಟೊಂದಿರುವುದು ಇಲ್ಲಿ ಉಲ್ಲೇಖನೀಯ. ಗ್ರಿಯರ್ಸನ್ ಅವರ ಹಿರಿತನದಲ್ಲಿ ನಡೆದ ಭಾರತದ ಭಾಷಾ ಸರ್ವೇಕ್ಷಣೆಯ ನಾಲ್ಕನೆಯ ಸಂಪುಟ, 1906ರಲ್ಲಿ ಪ್ರಕಟವಾದ 'ಮುಂಡಾ ಮತ್ತು ದ್ರಾವಿಡ ಭಾಷೆಗಳು', ಕನ್ನಡವನ್ನೂ ಒಳಗೊಂಡಿದೆ. ಅದನ್ನು ಸಿದ್ಧಪಡಿಸಿದವರು ನಾರ್ವೆಯ ವಿದ್ವಾಂಸ ಸ್ಟೆನ್ ಕೊನೊವ್ (1867-1948). ಮರಾಠಿಯ ಸಂಪುಟವೂ ಅವರದೇ ಕೆಲಸ. ಮುಂದೆ ಅವರು ಓಸ್ಲೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು.

ಐದು ಮತ್ತು ಇಪ್ಪತ್ತು

ಬ್ಯಾಂಕ್ ಕೌಂಟರಿನಲ್ಲಿ ನಿಂತವರಿಗೆಲ್ಲ ಗೊತ್ತಿರುವ ಸಂಗತಿ: ಯಾವ ಭಾಷೆ ಕಲಿತರೂ ಹಣ ಎಣಿಸುವುದು ಮಾತ್ರ ತಾಯ್ನುಡಿಯಲ್ಲಿ. ಹೊಸದಾಗಿ ಮುಂಬಯಿಗೆ ಬಂದ ಕನ್ನಡಿಗರು ಮರಾಠಿಯ 'ಪಂಚೇಚಾಳೀಸ್' ಕೇಳಿ 45ರ ಬದಲು 54 ಬರೆದ ಉದಾಹರಣೆಗಳಿಗೆ ಲೆಕ್ಕವಿಲ್ಲ. ಕನ್ನಡದಲ್ಲಿ ನಲವತ್ತು ಮೊದಲು, ಐದು ಆಮೇಲೆ. ಮರಾಠಿ, ಹಿಂದಿಯಲ್ಲಿ ಐದು ಮೊದಲು. ನಾರ್ವೆಯಲ್ಲೂ ಹಿಂದೆ ಹಾಗೆಯೇ ಇತ್ತು. 25ಕ್ಕೆ 'ಫೆಮ್-ಓ-ತೀವೆ', ಅಂದರೆ ಐದು ಮತ್ತು ಇಪ್ಪತ್ತು ಎನ್ನುತ್ತಿದ್ದರು. ದೂರವಾಣಿ ಬಂದು, ಆಪರೇಟರಿಗೆ ನಂಬರು ಹೇಳುವಾಗ ಅಂಕೆಗಳು ಅದಲುಬದಲಾಗಿ ತಪ್ಪು ಮನೆಗೆ ಕರೆ ಹೋಗುವುದು ಹೆಚ್ಚಿತು. ತಂತಿ ಮತ್ತು ದೂರವಾಣಿ ಇಲಾಖೆಯ ಒತ್ತಾಯದ ಮೇರೆಗೆ ಅಲ್ಲಿನ ಸಂಸತ್ತು ಎಣಿಕೆಯ ಕ್ರಮವನ್ನೇ ಬದಲಿಸಿತು. 1951ರ ಜುಲೈ 1ರಿಂದ 25 ಎಂದರೆ 'ಶೂಎಫೆಮ್', ಅಂದರೆ ಕನ್ನಡದಂತೆಯೇ ಇಪ್ಪತ್ತು-ಐದು.

ಒಂದು ದೇಶದ ಸಂಸತ್ತು ಜನ ಎಣಿಸುವ ರೀತಿಯನ್ನು ನಿರ್ಣಯ ಮಾಡಿ ಬದಲಿಸಿದ್ದು ಸೋಜಿಗವೇ ಸರಿ. ಆದರೆ ಜನ ಅಷ್ಟು ಸುಲಭಕ್ಕೆ ಕೇಳುವವರೇ? ಏಳು ದಶಕ ಕಳೆದರೂ ಎಷ್ಟೋ ಹಿರಿಯರು, ಅವರ ಬಾಯಿಂದ ಕಲಿತ ಕೆಲವು ಕಿರಿಯರೂ, ಹಳೆಯ ಲೆಕ್ಕವನ್ನೇ ಹೇಳುತ್ತಾರೆ. ಆರಂಭಿಕ ತರಗತಿಯಲ್ಲಿ ಹೊಸ ಕ್ರಮ ಕಲಿತು ಮಳಿಗೆಯಲ್ಲಿ ಹಳೆಯ ಕ್ರಮ ಕೇಳುವ ವಿದ್ಯಾರ್ಥಿ ಕ್ಯಾಶ್ ಯಂತ್ರದ ಪರದೆ ನೋಡಿಯೇ ನಿರ್ಧರಿಸಬೇಕು. ಗಡಿಯಾರದ್ದು ಇನ್ನೊಂದು ಕತೆ. 'ಹಲ್ ತ್ರೇ', ಅಂದರೆ 'ಅರ್ಧ ಮೂರು' ಎಂದರೆ ಮೂರೂವರೆಯಲ್ಲ, ಎರಡೂವರೆ. ಮೂರು ಮುಟ್ಟಲು ಅರ್ಧ ಬಾಕಿ ಎಂಬ ಲೆಕ್ಕ. ಎರಡು ಗಂಟೆ ಇಪ್ಪತ್ತೈದು ನಿಮಿಷಕ್ಕೆ 'ಅರ್ಧ ಮೂರಕ್ಕೆ ಐದು ಬಾಕಿ' ಎನ್ನುತ್ತಾರೆ. ಮಾರ್ಗದರ್ಶಕರ ಭೇಟಿಗೆ ಒಂದು ಗಂಟೆ ತಡವಾಗಿ ಹೋಗಿ ಬಾಗಿಲು ತಟ್ಟಿದ ಮೇಲೆ ಈ ಪಾಠ ಮರೆಯುವ ಭಯವಿಲ್ಲ.

ಬಾಗಿಲು ದಾಟಿದರೆ ಬೇರೆಯೇ ಭಾಷೆ

ಒಂದು ಸೆಮಿಸ್ಟರ್ ಕಲಿತು, ಪರೀಕ್ಷೆಯಲ್ಲಿ ಒಳ್ಳೆಯ ಅಂಕವನ್ನೂ ಪಡೆದು ಟ್ರೊಂಡ್‌ಹೈಮ್‌ನ ಬಸ್ಸು ಹತ್ತಿದ ವಿದ್ಯಾರ್ಥಿಗೆ ಒಂದು ಮಾತೂ ಅರ್ಥವಾಗುವುದಿಲ್ಲ. ಪುಸ್ತಕದಲ್ಲಿ 'ನಾನು' ಎಂದರೆ 'ಯೈ'. ಬಸ್ಸಿನಲ್ಲಿ ಎಲ್ಲರೂ 'ಆ್ಯ' ಎನ್ನುತ್ತಾರೆ. ಬರ್ಗನ್‌ಗೆ ಹೋದರೆ 'ಎಗ್'. 'ಇಲ್ಲ, ಅಲ್ಲ' ಎನ್ನಲು ಪುಸ್ತಕದ 'ಇಕ್ಕೆ' ಇಲ್ಲಿ 'ಇಚ್' ಆಗಿರುತ್ತದೆ. 'ಏನು' ಎಂಬ ಪ್ರಶ್ನೆ ಪುಸ್ತಕದಲ್ಲಿ 'ವಾ', ಇಲ್ಲಿ 'ಕಾ'. ಅದೂ ಸಾಲದೆಂಬಂತೆ ಆ ಭಾಗದವರು 'ಹೌದು' ಎನ್ನಲು 'ಯಾ' ಎಂಬುದನ್ನು ಉಸಿರು ಒಳಕ್ಕೆಳೆದುಕೊಂಡು ಹೇಳುತ್ತಾರೆ. ಮೊದಲ ಬಾರಿ ಕೇಳಿದವರಿಗೆ ಎದುರಿನವರಿಗೆ ಏನೋ ಆಘಾತವಾಯಿತೆಂದೇ ಅನ್ನಿಸುತ್ತದೆ.

ಕಾರಣವಿಷ್ಟೆ: ನಾರ್ವೇಜಿಯನ್‌ಗೆ ಎಲ್ಲರೂ ಒಪ್ಪಿದ ಅಧಿಕೃತ ಆಡುಮಾತು ಎಂಬುದಿಲ್ಲ. ಬರವಣಿಗೆಯೂ ಒಂದಲ್ಲ, ಎರಡು. 400 ವರ್ಷಗಳಿಗೂ ಹೆಚ್ಚು ಕಾಲ ಡೆನ್ಮಾರ್ಕಿನೊಂದಿಗಿದ್ದು 1814ರಲ್ಲಿ ಅದರಿಂದ ಬೇರ್ಪಟ್ಟ ದೇಶಕ್ಕೆ ಬರೆಯಲು ಉಳಿದದ್ದು ಡ್ಯಾನಿಶ್ ಭಾಷೆ. ಅದನ್ನೇ ತಿದ್ದಿ ತೀಡಿ ರೂಪಿಸಿದ್ದು 'ಬೂಕ್‌ಮೋಲ್'. ಇವಾರ್ ಓಸೆನ್ (1813-1896) ಎಂಬ ರೈತನ ಮಗ ಹಳ್ಳಿ ಹಳ್ಳಿ ಸುತ್ತಿ ಜನರ ಆಡುಮಾತನ್ನು ಸಂಗ್ರಹಿಸಿ, 1848ರಲ್ಲಿ ವ್ಯಾಕರಣವನ್ನೂ 1850ರಲ್ಲಿ ನಿಘಂಟನ್ನೂ ಪ್ರಕಟಿಸಿ ಇನ್ನೊಂದು ಬರಹದ ರೂಪಕ್ಕೆ ಅಡಿಪಾಯ ಹಾಕಿದ. ಅದೇ ಇಂದಿನ 'ನೀನೊಷ್ಕ್', ಹೊಸ ನಾರ್ವೇಜಿಯನ್. 1885ರಲ್ಲಿ ಸಂಸತ್ತು ಎರಡಕ್ಕೂ ಸಮಾನ ಸ್ಥಾನ ನೀಡಿತು. ಪಾಸ್‌ಪೋರ್ಟಿನ ಮೇಲೆ ದೇಶದ ಹೆಸರು 'ನೊರ್ಗೆ' ಎಂದೂ ಇದೆ, 'ನೊರೆಗ್' ಎಂದೂ ಇದೆ. ನೀನೊಷ್ಕ್ ಬರೆಯುವವರು ಅಲ್ಪಸಂಖ್ಯಾತರಾದರೂ 2023ರ ಸಾಹಿತ್ಯದ ನೊಬೆಲ್ ಪಡೆದ ಯೂನ್ ಫೊಸ್ಸೆ ಬರೆಯುವುದು ಅದರಲ್ಲೇ. ವಿದೇಶಿ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಕಲಿಸುವುದು ಬೂಕ್‌ಮೋಲ್.

ಆಡುಮಾತಿನ ಬಗ್ಗೆ ಅಲ್ಲಿನವರ ನಿಲುವು ಹೊರನಾಡಿನ ನಾವು ಗಮನಿಸಬೇಕಾದಂಥದ್ದು. ಮಂತ್ರಿಗಳು ಸಂಸತ್ತಿನಲ್ಲಿ, ಪ್ರಾಧ್ಯಾಪಕರು ತರಗತಿಯಲ್ಲಿ, ವರದಿಗಾರರು ಟಿವಿಯಲ್ಲಿ ತಮ್ಮ ತಮ್ಮ ಊರಿನ ಮಾತನ್ನೇ ಆಡುತ್ತಾರೆ. ಅದನ್ನು ಯಾರೂ ಕೀಳಾಗಿ ಕಾಣುವುದಿಲ್ಲ. ನಮ್ಮಲ್ಲಿ ಕುಂದಾಪುರದ ಹುಡುಗ ಬೆಂಗಳೂರಿನ ಆಫೀಸಿನಲ್ಲಿ 'ಹೋಯ್ಕ್' ಎನ್ನಲು ಹಿಂಜರಿಯುತ್ತಾನೆ. ಧಾರವಾಡದವರ 'ಬರಾಕತ್ತೇನಿ' ಸಿನಿಮಾದಲ್ಲಿ ನಗಿಸಲಿಕ್ಕೆ ಬಳಕೆಯಾಗುತ್ತದೆ. ಆದರೆ ಹೊಸದಾಗಿ ಕಲಿಯುವವರ ಕಷ್ಟವೂ ನಿಜ. ಪುಸ್ತಕದ ಕನ್ನಡ ಕಲಿತ ಪರಭಾಷಿಕರೊಬ್ಬರನ್ನು ಒಂದೇ ದಿನ ಮೈಸೂರು, ಹುಬ್ಬಳ್ಳಿ, ಕುಂದಾಪುರದಲ್ಲಿ ಇಳಿಸಿದರೆ ಅವರ ಮುಖ ಹೇಗಿರಬಹುದೋ ಟ್ರೊಂಡ್‌ಹೈಮ್‌ನ ಬಸ್ಸಿನಲ್ಲಿ ನಮ್ಮ ಮಕ್ಕಳ ಮುಖವೂ ಹಾಗೆಯೇ ಇರುತ್ತದೆ.

ಅರ್ಥವಾಗದಿದ್ದರೂ ಮಾತಾಡುತ್ತಾ ಹೋದರೆ ಒಂದಲ್ಲ ಒಂದು ದಿನ ಕಿವಿ ತೆರೆದೀತು. ನಿಜವಾದ ಅಡ್ಡಿ ಇರುವುದು ಅದರಲ್ಲೇ. ವಿದ್ಯಾರ್ಥಿ ಕಾಫಿಯಂಗಡಿಗೆ ಹೋಗಿ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ 'ಕಾನ್ ಯೈ ಫೋ ಎನ್ ಕಫೆ?' ಎಂಬ ವಾಕ್ಯವನ್ನು ತಪ್ಪಿಲ್ಲದೆ ಹೇಳುತ್ತಾನೆ. ಕೌಂಟರಿನಾಕೆ ನಸುನಕ್ಕು, ಸೊಗಸಾದ ಇಂಗ್ಲಿಷಿನಲ್ಲಿ 'ಹಾಲು ಬೇಕೇ?' ಎಂದು ಕೇಳುತ್ತಾಳೆ. ಅಲ್ಲಿಗೆ ಆ ದಿನದ ನಾರ್ವೇಜಿಯನ್ ಮುಗಿಯಿತು. 1997ರ ಶಿಕ್ಷಣ ಸುಧಾರಣೆಯಿಂದೀಚೆಗೆ ಅಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಸುತ್ತಾರೆ. ದೊಡ್ಡವರ ವಿದೇಶಿ ಚಿತ್ರಗಳಿಗೆ ಡಬ್ಬಿಂಗ್ ಇಲ್ಲ, ಕೆಳಗೆ ಅಕ್ಷರಗಳು ಮಾತ್ರ. ಆದ್ದರಿಂದ ಎದುರಿನವರು ತಡವರಿಸಿದ ಕೂಡಲೇ ಇಂಗ್ಲಿಷಿಗೆ ಹೊರಳುವುದು ಅವರ ಮಟ್ಟಿಗೆ ಉಪಕಾರ. ಪರದೇಶದ ಹುಡುಗನಿಗೆ ಯಾಕೆ ಸುಮ್ಮನೆ ತೊಂದರೆ ಎಂಬ ಸೌಜನ್ಯ.

ಈ ಸೌಜನ್ಯ ಕನ್ನಡಿಗರಿಗೆ ಹೊಸದಲ್ಲ. ಬೆಂಗಳೂರಿನಲ್ಲಿ ಉತ್ತರ ಭಾರತದ ಯುವಕನೊಬ್ಬ 'ಸ್ವಲ್ಪ ನೀರು ಕೊಡಿ' ಎಂದು ಕಷ್ಟಪಟ್ಟು ಕೇಳಿದರೆ ಅಂಗಡಿಯವರು 'ಠಂಡಾ ಚಾಹಿಯೆ ಕ್ಯಾ?' ಎಂದು ಉತ್ತರಿಸುತ್ತಾರೆ. ಪರಭಾಷಿಕರು ಕನ್ನಡ ಕಲಿಯುವುದಿಲ್ಲ ಎಂಬ ವಿಷಯದಲ್ಲಿ ನಮ್ಮ ಸಂಘಗಳ ವೇದಿಕೆಗಳಲ್ಲಿ ಆದಷ್ಟು ಭಾಷಣ, ಕಲಿಯಲು ಬಂದವರೊಡನೆ ಕನ್ನಡದಲ್ಲೇ ಮಾತು ಮುಂದುವರಿಸಬೇಕೆಂಬ ವಿಷಯದಲ್ಲಿ ಆಗಿಲ್ಲ.

ಊಟದ ಮೇಜಿನಲ್ಲಿ ಇದರ ಬಿಸಿ ಹೆಚ್ಚು. ವಿಭಾಗದ ಸಹಪಾಠಿಗಳು ಹನ್ನೊಂದೂವರೆಯ ಹೊತ್ತಿಗೆ ಮನೆಯಿಂದ ತಂದ ಬ್ರೆಡ್ಡು, ಕಂದು ಬಣ್ಣದ ಸಿಹಿ ಚೀಸಿನ ಪೊಟ್ಟಣ ಬಿಚ್ಚಿ ಹರಟುತ್ತಿರುತ್ತಾರೆ. ಪರದೇಶದ ಹುಡುಗಿ ಬಂದು ಕುಳಿತ ತಕ್ಷಣ ಇಡೀ ಮೇಜು ಇಂಗ್ಲಿಷಿಗೆ ತಿರುಗುತ್ತದೆ. ಎದ್ದು ಹೋದರೆ ಮತ್ತೆ ನಗು, ಮತ್ತೆ ನಾರ್ವೇಜಿಯನ್. ತನ್ನಿಂದಾಗಿ ಆರು ಮಂದಿ ಬೇರೆ ಭಾಷೆ ಆಡಬೇಕಾಯಿತಲ್ಲ ಎಂಬ ಸಂಕೋಚದಿಂದ ಆಕೆ ದಿನೇ ದಿನೇ ಬೇರೆ ಮೇಜಿಗೆ, ಭಾರತೀಯರ ಮೇಜಿಗೆ ಸರಿಯುತ್ತಾಳೆ. ಡಿಸೆಂಬರ್‌ನಲ್ಲಿ ಟ್ರೊಂಡ್‌ಹೈಮ್‌ನಲ್ಲಿ ಸೂರ್ಯ ಹತ್ತು ಗಂಟೆಗೆ ಮೂಡಿ ಎರಡೂವರೆಗೆ ಮುಳುಗುತ್ತಾನೆ. ಇನ್ನೂ ಉತ್ತರದ ಟ್ರೊಮ್ಸೊದಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಮೂಡುವುದೇ ಇಲ್ಲ. ಆ ಕತ್ತಲಿನಲ್ಲಿ ಒಬ್ಬರೇ ಕುಳಿತು 'ಎರಡು ವರ್ಷ ಹೇಗೋ ಕಳೆದರಾಯಿತು, ಭಾಷೆ ಯಾಕೆ' ಎಂದುಕೊಳ್ಳುವುದು ಸಹಜ. ಎಷ್ಟೋ ಮಂದಿ ಎರಡನೆಯ ಹಂತದ ತರಗತಿಗೆ ಹೆಸರು ಕೊಡದೆ ನಿಲ್ಲಿಸುವುದೂ ಈ ಹೊತ್ತಿನಲ್ಲೇ. ಪದವಿ ಕೈಗೆ ಬಂದು ಕೆಲಸ ಹುಡುಕುವಾಗ ಅದರ ಬೆಲೆ ತಿಳಿಯುತ್ತದೆ.

ಮಾತು ಸಿಗುವ ಜಾಗಗಳು

ಇಂಗ್ಲಿಷಿಗೆ ಹೊರಳದ ಜನ, ಜಾಗ ಹುಡುಕಿಕೊಂಡವರು ಮುಂದೆ ಹೋಗುತ್ತಾರೆ. ಸಾರ್ವಜನಿಕ ಗ್ರಂಥಾಲಯಗಳಲ್ಲಿ 'ಸ್ಪ್ರೋಕ್ ಕಫೆ', ಅಂದರೆ ಭಾಷಾ ಕಾಫಿಕೂಟಗಳು ನಡೆಯುತ್ತವೆ. ಓಸ್ಲೋದ ಡೈಕ್‌ಮನ್ ಗ್ರಂಥಾಲಯದಲ್ಲೂ ಇವು ಇವೆ. ರೆಡ್‌ಕ್ರಾಸ್‌ನ ಸ್ವಯಂಸೇವಕರೂ ಭಾಷಾ ಅಭ್ಯಾಸದ ಕೂಟಗಳನ್ನು ನಡೆಸುತ್ತಾರೆ. ಅಲ್ಲಿಗೆ ಬರುವ ನಿವೃತ್ತ ಹಿರಿಯರಿಗೆ ಬೇಕಾದಷ್ಟು ಸಮಯವಿರುತ್ತದೆ, ತಪ್ಪಿದರೆ ತಿದ್ದುವ ತಾಳ್ಮೆಯೂ ಇರುತ್ತದೆ. ವೃದ್ಧಾಶ್ರಮದಲ್ಲಿ ಅರೆಕಾಲಿಕ ಕೆಲಸ ಸಿಕ್ಕವರ ಭಾಷೆ ಬೇಗ ಸುಧಾರಿಸುವುದೂ ಇದೇ ಕಾರಣಕ್ಕೆ. ಹಳೆಯ ಎಣಿಕೆ ಸಹಿತ!

ಇನ್ನೊಂದು ಜಾಗ 'ದೂಗ್ನಾದ್'. ವಸತಿ ಸಮುಚ್ಚಯದ ಅಂಗಳ ಗುಡಿಸಲು, ಬೇಲಿಗೆ ಬಣ್ಣ ಬಳಿಯಲು ಎಲ್ಲರೂ ಒಟ್ಟಾಗಿ ಕೈಹಾಕುವ ಪದ್ಧತಿಗೆ ಈ ಹೆಸರು. 2004ರಲ್ಲಿ ಅಲ್ಲಿನ ಟಿವಿ ಕಾರ್ಯಕ್ರಮವೊಂದರ ಮತದಾನದಲ್ಲಿ ದೇಶದ ಪದವೆಂದು ಆಯ್ಕೆಯಾದದ್ದು ಇದೇ. ಶ್ರಮದಾನವೆಂದರೆ ಸಂಘದ ಕಾರ್ಯಕರ್ತರಿಗೆ ತಿಳಿಯದ್ದಲ್ಲ. ಸಭಾಗೃಹದಲ್ಲಿ ಕುರ್ಚಿ ಜೋಡಿಸುತ್ತಾ ಆಗುವ ಪರಿಚಯ ಭಾಷಣ ಕೇಳುತ್ತಾ ಆಗುವುದಿಲ್ಲ. ಅಲ್ಲಿಯೂ ಹಾಗೆ. ಕೈಯಲ್ಲಿ ಪೊರಕೆ ಹಿಡಿದಾಗ 'ಅದನ್ನು ಕೊಡು, ಇದನ್ನು ಹಿಡಿ' ಎಂಬ ಮಾತಿಗೆ ಯಾರೂ ಇಂಗ್ಲಿಷ್ ಹುಡುಕುವುದಿಲ್ಲ. ಹೀಗೆ ಒಮ್ಮೆ ಭೇಟಿಯಾದವರು ಮುಂದಿನ ಬಾರಿ ಸಿಕ್ಕಾಗ 'ತಕ್ ಫೊ ಸಿಸ್ತ್' ಎನ್ನಬೇಕು. ಹಿಂದಿನ ಭೇಟಿಗೆ ಧನ್ಯವಾದ ಎಂದರ್ಥ. ಊಟವಾದ ಮೇಲೆ ಬಡಿಸಿದವರಿಗೆ 'ತಕ್ ಫೊ ಮಾತನ್' ಎನ್ನದೆ ಏಳುವಂತಿಲ್ಲ. ಇಷ್ಟೊಂದು ಧನ್ಯವಾದಗಳಿರುವ ಭಾಷೆಯಲ್ಲಿ ಇಂಗ್ಲಿಷಿನ 'ಪ್ಲೀಸ್'ಗೆ ದಿನಬಳಕೆಯ ಒಂದೇ ಪದವಿಲ್ಲ. ಕನ್ನಡದಲ್ಲೂ 'ದಯವಿಟ್ಟು' ಎಂಬುದು ರೈಲು ನಿಲ್ದಾಣದ ಪ್ರಕಟಣೆಗೆ ಮಾತ್ರ ತಾನೆ? ಮನೆಮಾತಿನಲ್ಲಿ 'ಕೊಡಿ' ಎನ್ನುವುದರಲ್ಲೇ ವಿನಯವಿದೆ.

ಇಂಗ್ಲಿಷಿಗೆ ಹೊರಳಿದವರನ್ನು ಮರಳಿ ಕರೆತರಲು ಒಂದು ವಾಕ್ಯ ಕಲಿತಿರಬೇಕು: 'ಯೈ ಲ್ಯಾರರ್ ನೊಷ್ಕ್', ನಾನು ನಾರ್ವೇಜಿಯನ್ ಕಲಿಯುತ್ತಿದ್ದೇನೆ. ಇದನ್ನು ಕೇಳಿದ ಮೇಲೂ ಇಂಗ್ಲಿಷಿನಲ್ಲೇ ಮುಂದುವರಿಯುವವರು ಕಡಿಮೆ. ಹೆಚ್ಚಿನವರು ಕ್ಷಮೆ ಕೇಳಿ ನಿಧಾನವಾಗಿ ಮಾತಾಡತೊಡಗುತ್ತಾರೆ.

ಹೋಗುವ ಮೊದಲೇ ಆರಂಭಿಸಲು ಸೌಲಭ್ಯವಿದೆ. ಎನ್‌ಟಿಎನ್‌ಯು ವಿಶ್ವವಿದ್ಯಾಲಯ ಆರಂಭಿಕರಿಗಾಗಿ ಅಂತರ್ಜಾಲದಲ್ಲಿ ಉಚಿತ ಪಾಠಮಾಲೆಯೊಂದನ್ನು ಇಟ್ಟಿದೆ. ಪಾಠ, ಧ್ವನಿ, ವ್ಯಾಕರಣ, ಅಭ್ಯಾಸ ಎಲ್ಲವೂ ಅದರಲ್ಲಿವೆ. ಅದೇ ವಿಶ್ವವಿದ್ಯಾಲಯದ ಉಚ್ಚಾರಣಾ ಅಭ್ಯಾಸದ ವ್ಯವಸ್ಥೆಯಲ್ಲಿ ಕಲಿಯುವವರು ತಮ್ಮ ಮಾತೃಭಾಷೆಯನ್ನೂ ತಾವು ಹೋಗಲಿರುವ ಊರಿನ ಉಪಭಾಷೆಯನ್ನೂ ಆರಿಸಿಕೊಳ್ಳಬಹುದು. ತಾಯ್ನುಡಿಯಲ್ಲಿ ಇಲ್ಲದ ಧ್ವನಿಗಳನ್ನು ಅದೇ ಹುಡುಕಿ ಅಭ್ಯಾಸ ಮಾಡಿಸುತ್ತದೆ. ಪ್ರವೇಶ ಪತ್ರ ಬಂದು ವೀಸಾ ಆಗುವವರೆಗೆ ಸಾಮಾನ್ಯವಾಗಿ ಎರಡು ಮೂರು ತಿಂಗಳು ಸಿಗುತ್ತದೆ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಲೋಕಲ್ ರೈಲಿನಲ್ಲಿ ಒಂದು ಗಂಟೆಗೂ ಮೀರಿದ ಪ್ರಯಾಣ. ಸೀಟು ಸಿಕ್ಕರೆ ಪುಸ್ತಕ, ಸಿಗದಿದ್ದರೆ ಕಿವಿಗೆ ಇಯರ್‌ಫೋನ್.